ಹದಿನೇಳನೇ ಮನೆಯ ಅಳತೆ

ಟಿ.ಬಿ. ಡ್ಯಾಂ
18 ಜೂನ್ 2006

ಭವ್ಯಾ,

ಜೈಭೀಮ್. ನೀನು ಹೈದರಾಬಾದಿನ ಬಸ್ಸು ಹತ್ತಿ ಹತ್ತು ದಿನವಾಯಿತು. ತಲುಪಿದೆ ಎಂದು ಪಕ್ಕದ ಮನೆಯ ಫೋನಿಗೆ ಹೇಳಿದೆಯಂತೆ. ಅವರು ಫೋನು ತಂದು ನನ್ನ ಕಿವಿಗೇ ಹಿಡಿದರು. ಎಣ್ಣೆ ಕಾಯುವಾಗಿನಂಥ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಮೂವತ್ತೆರಡು ವರ್ಷ ಕಾಲುವೆ ಕೆಲಸದಲ್ಲಿ ಬಂಡೆ ಸಿಡಿಸುವ ಕಡೆ ನಿಂತ ಕಿವಿ ಇದು. ಇನ್ನು ಮುಂದೆ ಏನಿದ್ದರೂ ಕಾಗದದಲ್ಲೇ ಬರೆ.

ನಿನ್ನೆ ಜೋಡುಗುಡಿ ಪೇಟೆಗೆ ಹೋಗಿದ್ದೆ. ನಾವಿಬ್ಬರೂ ಹದಿನಾರು ದಿನ ಟೇಪು ಹಿಡಿದು ತಿರುಗಿದ ಬೀದಿ, ಕಾಲು ತಾನಾಗಿ ಆ ಕಡೆ ಹೋಯಿತು. ಅರಸರ ಕಾಲದ ಕಲ್ಲುಕಂಬದ ಎರಡು ಸಾಲೂ ನಿಂತಿವೆ, ಕಂಬದ ನಡುವೆ ಗೋಡೆ ಎತ್ತಿಕೊಂಡು ಬದುಕುವ ನಲವತ್ತೊಂದು ಮನೆಗಳೂ ನಿಂತಿವೆ. ಎಲ್ಲರೂ ನಿನ್ನನ್ನೇ ಕೇಳುತ್ತಾರೆ. ಹದಿನೇಳನೇ ಮನೆಯ ಕರೆಮ್ಮ ಮಿರ್ಚಿ ಕರಿಯುವುದನ್ನು ಬಿಟ್ಟು ಸೌಟು ಹಿಡಿದುಕೊಂಡೇ ಬಂದಳು. “ಉಚ್ಚೆಂಗಣ್ಣಾ, ನಿಮ್ಮಕ್ಕನ ಮಗಳ ಹಣಿ ಬಾವು ಇಳೀತೇನು?” ಎಂದಳು. ಮೊದಲ ದಿನ ಅವಳ ಬಾಗಿಲಿನ ಕಲ್ಲುತೊಲೆಗೆ ನೀನು ಹಣೆ ಬಡಿದುಕೊಂಡದ್ದನ್ನು ನೆನೆದು ಆ ಬೀದಿ ಇನ್ನೂ ನಗುತ್ತಿದೆ. “ತಲಿ ಬಗ್ಗಿಸಿ ಬಾರವ್ವಾ, ಧಣಿ ಬಂದ್ರೂ ನಮ್ಮನಿಗೆ ತಲಿ ಬಗ್ಗಿಸೇ ಬರಬೇಕು” ಎಂದು ಆಗ ಅವಳೇ ಹೇಳಿದ್ದಳಲ್ಲ.

ಇನ್ನೊಂದು ಮಾತು. ನಾನು ಅಳತೆಯನ್ನು ಅಷ್ಟು ಜೋರಾಗಿ ಕೂಗುತ್ತಿದ್ದುದು ನಿನಗೆ ಮುಜುಗರ ಆಗುತ್ತಿತ್ತು, ನನಗೆ ಗೊತ್ತಾಯಿತು. ಅದು ಕಿವುಡನ ಕೂಗಲ್ಲ. ಕಾಲುವೆ ಕಚೇರಿಯಲ್ಲಿ ಅಳತೆ ಸರಪಳಿ ಹಿಡಿಯುವ ಹಳೆಯ ಚೈನ್‌ಮನ್‌ಗಳ ರೂಢಿ ಅದು. ಯಾರ ಜಾಗ ಅಳೆಯುತ್ತೇವೋ ಅವರಿಗೆ ಕೇಳುವ ಹಾಗೆ ಅಳತೆ ಕೂಗಬೇಕು. ಅವರ ಕಿವಿಗೆ ಬೀಳದ ಹಾಗೆ ಬರೆದುಕೊಂಡು ಹೋದರೆ ಅದು ಕಳ್ಳ ಅಳತೆ. ಈಗ ಬೀದಿಯವರಿಗೆಲ್ಲ ತಮ್ಮ ತಮ್ಮ ಮನೆಯ ಲೆಕ್ಕ ಬಾಯಿಪಾಠ. ಕರೆಮ್ಮ ಗಿರಾಕಿಗಳಿಗೆ ಮಂಡಕ್ಕಿ ಕಟ್ಟಿಕೊಡುತ್ತ “ನಮ್ದು ಮೂರು ನಲವತ್ತೆರಡು, ಬಾಗಿಲಾ ಒಂದು ನಲವತ್ತೈದು” ಎಂದು ಮನೆಯ ಅಗಲ, ಬಾಗಿಲಿನ ಎತ್ತರ ಮೀಟರಿನಲ್ಲಿ ಹೇಳಿ ಜಂಬ ಕೊಚ್ಚುತ್ತಾಳೆ.

ಅಳೆದು ಹೋದ ಮೇಲೆ ಮುಂದೇನು ಎಂದು ಅವರು ಕೇಳಿದರು. ಚಿತ್ರ ಮಾಡುತ್ತಾರೆ, ಬೇರೇನೂ ಆಗುವುದಿಲ್ಲ ಎಂದೆ. ಸರಿಯಾಗಿ ಹೇಳಿದ್ದೇನೆ ತಾನೇ? ಬರೆ.

ನಿನ್ನ ಮಾವ,
ಉಚ್ಚೆಂಗೆಪ್ಪ


ಹೈದರಾಬಾದ್
9 ಜುಲೈ 2006

ಮಾವಾ,

ಜೈಭೀಮ್, ಅತ್ತೆಗೂ ಹೇಳಿ. ಬಾವು ಇಳಿದಿದೆ, ಗುರುತು ಉಳಿದಿದೆ ಎಂದು ಕರೆಮ್ಮನಿಗೆ ಹೇಳಿ.

“ಮನಿ ಕಟ್ಟದ ಆರ್ಕಿಟೆಕ್ಟ್ ಎಂಥ ಆರ್ಕಿಟೆಕ್ಟು?” ಎಂದು ದುರ್ಗಕ್ಕತ್ತೆ ಕೇಳಿದ್ದಕ್ಕೆ ಅವತ್ತು ನಕ್ಕು ಸುಮ್ಮನಾಗಿದ್ದೆ. ಈಗ ಹೇಳುತ್ತೇನೆ, ಓದಿ ಹೇಳಿ. ನಮ್ಮ ಅಳತೆ ಮುಗಿದ ಮೇಲೆ ಲೇಸರ್ ಯಂತ್ರದವರು ಬಂದಿದ್ದರಲ್ಲ, ಆ ಯಂತ್ರ ಕೊಟ್ಟಿದ್ದು ಬರೀ ಚುಕ್ಕಿ. ಕೋಟಿಗಟ್ಟಲೆ ಚುಕ್ಕಿ. ಅದಕ್ಕೆ ಕಂಬವೂ ಒಂದೇ, ಕಂಬಕ್ಕೆ ಮೈ ಉಜ್ಜುವ ಎಮ್ಮೆಯೂ ಒಂದೇ. ಇದು ಕಂಬ, ಇದು ತೊಲೆ, ಇದು ಆಮೇಲೆ ಎತ್ತಿದ ಗೋಡೆ ಎಂದು ಗುರುತಿಸಿ ಕಂಪ್ಯೂಟರಿನೊಳಗೆ ಪೇಟೆಯನ್ನು ಎಬ್ಬಿಸಿ ನಿಲ್ಲಿಸುವುದು ನಾನು. ಮುಗಿದ ಮೇಲೆ ಅದರೊಳಗೆ ನಡೆದಾಡಬಹುದು, ಹಕ್ಕಿಯ ಹಾಗೆ ಮೇಲಿನಿಂದ ನೋಡಬಹುದು.

ನಿಮ್ಮ ಕಚೇರಿಯಲ್ಲಿ ಎಣ್ಣೆಕಾಗದದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನಕ್ಷೆ ನೋಡುತ್ತಿದ್ದಿರಿ ಎಂದು ಹೇಳಿದ್ದಿರಿ. ಇಲ್ಲೂ ಹಾಗೇ. ಹಳೆಯ ಕಲ್ಲು ಒಂದು ಹಾಳೆ, ಗಿಡಮರ ಒಂದು, ಜನ ಕಟ್ಟಿಕೊಂಡ ಮನೆಗಳು ಒಂದು. ಬೇಕಾದ ಹಾಳೆ ತೋರಿಸಬಹುದು, ಬೇಡವಾದದ್ದನ್ನು ಒಂದು ಗುಂಡಿ ಒತ್ತಿ ಮರೆಮಾಡಬಹುದು.

ಇದಕ್ಕೆಲ್ಲ ದುಡ್ಡು ಹಾಕುತ್ತಿರುವುದು ಸಂಡೂರು ಕಡೆಯ ಗಣಿ ಧಣಿಗಳೊಬ್ಬರ ಟ್ರಸ್ಟು. ಗುಡ್ಡ ಕರಗಿಸುವವರಿಗೆ ಕಲ್ಲಿನ ಮೇಲೆ ಅಕ್ಕರೆ ಯಾಕೆ ಬಂತು ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ನಾನು ಕೇಳಲಿಲ್ಲ. ಮೂರು ವರ್ಷ ಸಾಹೇಬರುಗಳ ಬಚ್ಚಲುಮನೆಯ ನಕ್ಷೆ ಬರೆದ ಮೇಲೆ ಸಿಕ್ಕ ಮೊದಲ ಒಳ್ಳೆಯ ಕೆಲಸ ಇದು ಮಾವಾ. ಅದೂ ನಮ್ಮ ಊರಿನದೇ.

ಜನರಿಗೆ ನೀವು ಹೇಳಿದ್ದು ಸರಿಯಾಗೇ ಇದೆ. ಇದು ಚಿತ್ರ, ಅಷ್ಟೇ.

ನಿಮ್ಮ
ಭವ್ಯ


ಟಿ.ಬಿ. ಡ್ಯಾಂ
27 ನವೆಂಬರ್ 2006

ಭವ್ಯಾ,

ಚಿತ್ರ ತೋರಿಸಲು ನೀನು ಹೊಸಪೇಟೆಗೆ ಬಂದವಳು ಮನೆಗೆ ಬರದೆ ಹೋದೆ. ಧಣಿಗಳ ಕಾರಿನಲ್ಲಿ ಬಂದು ಅದರಲ್ಲೇ ಹೋದೆ. ನಿನ್ನ ಅತ್ತೆ ಜೋಳದ ರೊಟ್ಟಿ, ಪುಂಡಿಪಲ್ಲೆ ಮಾಡಿ ಕಾದಳು. ಅದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಬೇರೆಯದಕ್ಕೆ, ಬರೆಯುತ್ತೇನೆ.

ಪೇಟೆಯ ಜನ ನಿನ್ನ ಚಿತ್ರ ನೋಡಲು ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಅದಿರು ಲಾರಿಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ಎರಡು ತಾಸು ನಿಂತು ಬಂದರು. ಹೆಂಗಸರು ಮದುವೆಗೆ ಉಡುವ ಸೀರೆ ಉಟ್ಟಿದ್ದರು, ಎಲ್ಲರ ಸೆರಗಿನ ಮೇಲೂ ಕೆಂಧೂಳು. ಅವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ನಾನೂ ಅಲ್ಲೇ ನಿಂತಿದ್ದೆ.

ದೀಪ ಆರಿಸಿದರು. ಪರದೆಯ ಮೇಲೆ ಜೋಡುಗುಡಿ ಪೇಟೆ ಎದ್ದಿತು. ಸುಳ್ಳು ಹೇಳುವುದಿಲ್ಲ, ನನ್ನ ಮೈಮೇಲೆ ಮುಳ್ಳೆದ್ದವು. ಒಂದೊಂದು ಕಂಬವೂ ನಾನು ಮುಟ್ಟಿ ಅಳೆದ ಕಂಬ. ಕುದುರೆ ಮಾರುವವರು ಬಂದರು, ಮುತ್ತು ಮಾರುವವರು ಬಂದರು, ಹೂವಿನ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಬಂದರು. ಹದಿನೇಳನೇ ಮನೆಯ ಕಂಬದ ಹತ್ತಿರ ಬಂದಾಗ ಅಲ್ಲಿ ಯಾರೋ ಜರಿರುಮಾಲಿನವನು ರೇಷ್ಮೆ ಅಳೆಯುತ್ತ ಕುಳಿತಿದ್ದ.

ಆಗ ಕರೆಮ್ಮ ಕೂಗಿದಳು. ನನ್ನ ಕಿವಿಗೇ ಕೇಳಿತು ಎಂದರೆ ಎಷ್ಟು ಜೋರಾಗಿ ಕೂಗಿರಬೇಕು ನೋಡು. “ಭವ್ಯಾ, ಯವ್ವಾ, ನಮ್ಮನಿ ಎಲ್ಲೈತಿ? ಕಂಬಾ ಐತಿ, ಮನೀನ ಇಲ್ಲಲ್ಲಾ!” ಮುಂದಿನ ಕುರ್ಚಿಯವರು ನಕ್ಕರು. ಧಣಿಗಳೂ ನಕ್ಕರು. ನೀನು ನಗಲಿಲ್ಲ, ಅದನ್ನು ನೋಡಿದೆ. ನೀನು ಕೈಯಲ್ಲಿದ್ದ ಗುಂಡಿಯನ್ನೇ ನೋಡುತ್ತ ನಿಂತಿದ್ದೆ.

ಒಂದು ಗುಂಡಿ ಒತ್ತಿದರೆ ಮನೆಗಳ ಹಾಳೆ ಬರುತ್ತದೆ ಎಂದು ಬರೆದವಳು ನೀನೇ.

ವಾಪಸು ಹೋಗಲು ಎಲ್ಲರೂ ಟ್ರ್ಯಾಕ್ಟರ್ ಹತ್ತಿದರು. ಕರೆಮ್ಮ ಒಬ್ಬಳೇ ನನ್ನ ಕಿವಿಯ ಹತ್ತಿರ ಬಗ್ಗಿ “ಪಾಪ, ಹುಡುಗಿ ಮರ್ತಿರಬೇಕು” ಎಂದಳು. ಮರೆತೆಯಾ?

ಉಚ್ಚೆಂಗೆಪ್ಪ


ಹೈದರಾಬಾದ್
14 ಜನವರಿ 2007

ಮಾವಾ,

ಮರೆಯಲಿಲ್ಲ.

ಇದನ್ನು ಬರೆಯಲು ಒಂದೂವರೆ ತಿಂಗಳು ಬೇಕಾಯಿತು. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ನಮ್ಮ ಕಚೇರಿಯ ಸರ್ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ಒತ್ತಿದ್ದರೆ ಕೆಲಸ ಹೋಗುತ್ತಿತ್ತೇನೋ, ಹೋಗುತ್ತಿರಲಿಲ್ಲವೇನೋ. ನಾನು ಹೆದರಿದೆ ಮಾವಾ. ರೊಟ್ಟಿ ಮಾಡಿಟ್ಟಿದ್ದಾರೆ ಎಂದು ಗೊತ್ತಿದ್ದೂ ಅದಕ್ಕೇ ಮನೆಗೆ ಬರಲಿಲ್ಲ. ನಿಮ್ಮ ಮುಖ ಹೇಗೆ ನೋಡಲಿ?

ಅದನ್ನು ಸರಿಮಾಡುತ್ತೇನೆ. ಹಳೆಯ ವೈಭವದ ಮಾದರಿ ಒಂದು ಇರಲಿ, ಇವತ್ತಿನ ಪೇಟೆಯದೂ ಒಂದು ಇರಲಿ, ಮನೆಗಳ ಸಮೇತ, ಒಳಹೊರಗು ಎಲ್ಲ ಬರುವ ಹಾಗೆ ಮಾಡೋಣ ಎಂದು ಸರ್ ಹತ್ತಿರ ಕೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಒಂದೇ ಮಾತಿಗೆ ಒಪ್ಪಿದರು. ಎರಡು ದಿನದಲ್ಲಿ ಟ್ರಸ್ಟಿನವರೂ ಒಪ್ಪಿದರು. ನನಗೇ ಆಶ್ಚರ್ಯ.

ಈ ಜನ ಯಾವ ಕಾಗದದಲ್ಲೂ ಇಲ್ಲ. ಪಟ್ಟಾ ಇಲ್ಲ, ಮನೆ ನಂಬರು ಇಲ್ಲ. ಒಂದು ಸಲ ಸರಿಯಾದ ನಕ್ಷೆಯಲ್ಲಿ ಬಂದರೆ ನಾಳೆ ಯಾರೂ ಇವರನ್ನು ಇಲ್ಲ ಅನ್ನಲಾರರು. ನನ್ನ ಓದು ಇದಕ್ಕೂ ಬರದಿದ್ದರೆ ಏತಕ್ಕೆ ಬಂತು?

ನನ್ನನ್ನು ಕೆಲವು ವಾರ ಬೇರೆ ಕೆಲಸಕ್ಕೆ ಪುಣೆಗೆ ಕಳಿಸುತ್ತಿದ್ದಾರೆ, ಬರಲು ಆಗುವುದಿಲ್ಲ. ಒಳಗಿನ ಅಳತೆ ನೀವೇ ಮಾಡಿಕೊಡಬೇಕು. ಪ್ರತಿ ಗೋಡೆಯ ದಪ್ಪ, ಮಣ್ಣಿನದೋ ಕಲ್ಲಿನದೋ, ಕಂಬಕ್ಕೆ ಎಲ್ಲಿ ತಾಕಿದೆ, ಎಲ್ಲಿ ಬಿಟ್ಟಿದೆ, ಪಾಯ ಎಷ್ಟು ಆಳ, ಎಲ್ಲವೂ ಬೇಕು. ಒಂದನ್ನೂ ಬಿಡಬೇಡಿ. ಕರೆಮ್ಮ ಒಪ್ಪಿದರೆ ಉಳಿದವರು ಒಪ್ಪುತ್ತಾರೆ. ಈ ಸಲ ಮನೆ ಬರುತ್ತದೆ ಎಂದು ನನ್ನ ಪರವಾಗಿ ಮಾತು ಕೊಡಿ.

ಭವ್ಯ


ಟಿ.ಬಿ. ಡ್ಯಾಂ
11 ಮಾರ್ಚ್ 2007

ಭವ್ಯಾ,

ಜೈಭೀಮ್. ಅಳತೆ ಪುಸ್ತಕದ ಎರಡು ನಕಲು ಮಾಡಿ, ಒಂದನ್ನು ಇದರ ಜೊತೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಲವತ್ತೊಂದು ಮನೆ, ನಲವತ್ತೊಂದು ಪುಟ.

ಹೇಳಿದರೆ ನಗಬೇಡ. ಮೂವತ್ತೆರಡು ವರ್ಷದಲ್ಲಿ ನಾನು ಬರೆದ ಮೊದಲ ಅಳತೆ ಪುಸ್ತಕ ಇದು. ಇಲ್ಲಿಯವರೆಗೆ ನನ್ನದು ಟೇಪಿನ ಸೊನ್ನೆಯ ತುದಿ ಹಿಡಿದು ನಿಲ್ಲುವ ಕೆಲಸ. ಊರೊಳಗೆ ಮನೆ ಅಳೆಯುವಾಗಂತೂ ಓವರ್ಸಿಯರ್ ಒಳಗೆ ಹೋಗುತ್ತಿದ್ದ, ನನ್ನನ್ನು ಹೊಸ್ತಿಲಾಚೆ ನಿಲ್ಲಿಸುತ್ತಿದ್ದರು. ಯಾಕೆ ಎಂದು ನಿನಗೆ ಹೇಳಬೇಕಾಗಿಲ್ಲ. ಈ ಸಲ ಸೊನ್ನೆ ಹಿಡಿದವಳು ನಿನ್ನ ಅತ್ತೆ. “ಇಷ್ಟು ವರ್ಷ ನೀ ಹಿಡದಿ, ಈಗ ನನ್ನ ಕೈಗೆ ಕೊಟ್ಟಿ, ಭಾಳ ದೊಡ್ಡ ಸಾಹೇಬ ಆದಿ ಬಿಡು” ಎಂದು ದಿನವೆಲ್ಲ ಗೇಲಿ ಮಾಡಿ ಚಾಳಿಸಿದಳು. ನನಗೆ ಕೇಳದಿದ್ದರೆ ಹತ್ತಿರ ಬಂದು ಮತ್ತೊಮ್ಮೆ ಚಾಳಿಸಿದಳು.

ಮೊದಲು ಯಾರೂ ಒಪ್ಪಲಿಲ್ಲ. ಅಂಜಿನಯ್ಯ ಎನ್ನುವ ಮುದುಕ ಬಾಗಿಲಿಗೆ ಅಡ್ಡ ಕುಳಿತು “ಒಮ್ಮಿ ಅಳದ್ರಿ, ನಾವು ಮಾಯ ಆದ್ವಿ. ಇನ್ನೊಮ್ಮಿ ಅಳದ್ರ ಏನಾಗ್ತೀವೋ” ಎಂದ. ಕರೆಮ್ಮ ಅವನನ್ನು ತಳ್ಳಿ, “ಒಳಗ ಬಾ ಉಚ್ಚೆಂಗಣ್ಣಾ, ನಮ್ದ ಮೊದಲು ಅಳಿ” ಎಂದಳು. ತಲೆ ಬಗ್ಗಿಸಿ ಒಳಗೆ ಹೋದೆ. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ಏನೂ ಆಗುವುದಿಲ್ಲ ತಾನೇ ಎಂದು ಕೇಳಿದಳು. ನಾನು ಅವಳ ಹೊಸ್ತಿಲು ಮುಟ್ಟಿ ಏನೂ ಆಗುವುದಿಲ್ಲ ಎಂದೆ. ಆಮೇಲೆ ಒಂದೊಂದು ಮನೆಯಲ್ಲೂ ಅದೇ ಆಯಿತು. ನಲವತ್ತೊಂದು ಹೊಸ್ತಿಲು ಮುಟ್ಟಿದ್ದೇನೆ.

ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದು ಕಾಯುತ್ತಿದ್ದರು. ಫೋಟೋ ತೆಗೆಯುವುದಿಲ್ಲ, ಬರೀ ಅಳತೆ ಎಂದರೂ ಕೇಳಲಿಲ್ಲ. ಕರೆಮ್ಮನ ಒಳಗೋಡೆಯಲ್ಲಿ ಒಂದು ಗೂಟ ಇದೆ. ಅವಳ ಗಂಡ ಎರ್ರೆಪ್ಪ ಗೋಡೆ ಕಟ್ಟುವಾಗಲೇ ಬಡಿದದ್ದು. ಅವನು ಹೋಗಿ ಒಂಬತ್ತು ವರ್ಷ, ಅಂಗಿ ಇನ್ನೂ ಅದರ ಮೇಲೇ ಇದೆ. ಗೂಟವೂ ಬರಬೇಕು ಎಂದು ಹಟ ಹಿಡಿದಳು. ನೆಲದಿಂದ ಒಂದು ಅರವತ್ತು. ಬರೆದಿದ್ದೇನೆ, ನೋಡು.

ಗೋಡೆ ಕಂಬಕ್ಕೆ ಎಲ್ಲಿ ತಾಕಿದೆ ಎನ್ನುವುದು ಚಿತ್ರಕ್ಕೆ ಯಾಕೆ ಬೇಕು ಎಂದು ನನಗೆ ತಿಳಿಯಲಿಲ್ಲ. ನೀನು ಕೇಳಿದ್ದೀ ಎಂದು ಬರೆದಿದ್ದೇನೆ.

ಉಚ್ಚೆಂಗೆಪ್ಪ


ಹೈದರಾಬಾದ್
2 ಜೂನ್ 2007

ಮಾವಾ,

ಮುಗಿಯಿತು. ಇದರ ಜೊತೆ ಕೊಳವೆಯಲ್ಲಿ ಸುತ್ತಿಟ್ಟು ಒಂದು ಚಿತ್ರ ಕಳಿಸಿದ್ದೇನೆ, ಕರೆಮ್ಮನಿಗೆ ಕೊಡಿ. ಅವಳ ಮನೆ. ಒಲೆ ಇದೆ, ಬುಟ್ಟಿ ಇದೆ, ಗೂಟದ ಮೇಲೆ ಅಂಗಿ ಇದೆ. ಅಂಗಿಯ ಬಣ್ಣ ಗೊತ್ತಿರಲಿಲ್ಲ, ನೀಲಿ ಹಾಕಿದ್ದೇನೆ.

ನಿಮ್ಮ ಪುಸ್ತಕದಲ್ಲಿ ಒಂದು ಬೆರಳಿನಷ್ಟೂ ತಪ್ಪಿಲ್ಲ. ಇಂಥ ಅಳತೆ ನಾನು ಎಲ್ಲೂ ನೋಡಿಲ್ಲ ಎಂದು ಸರ್ ಎಲ್ಲರ ಮುಂದೆ ಹೇಳಿದರು. ನನ್ನ ಮಾವ ಎಂದೆ. ಹೆಮ್ಮೆಯಿಂದ ಹೇಳಿದೆ. ಇಡೀ ಬೀದಿಯನ್ನು ಒಂದೇ ಕಡತದಲ್ಲಿ ಕಟ್ಟಿ ಟ್ರಸ್ಟಿಗೆ ಒಪ್ಪಿಸಿದ್ದೇವೆ. ಅವರು ಅದನ್ನು ಸಂಬಂಧಪಟ್ಟ ಕಚೇರಿಗೂ ಕೊಟ್ಟಿದ್ದಾರಂತೆ. ಅಂದರೆ ಪೇಟೆ ಈಗ ಸರ್ಕಾರದ ದಾಖಲೆಯಲ್ಲಿ ಬಂತು ಮಾವಾ.

ಮೊನ್ನೆ ಕಂಪ್ಯೂಟರಿನಲ್ಲಿ ಹದಿನೇಳನೇ ಮನೆಯೊಳಗೆ ಹೋಗುತ್ತಿದ್ದೆ. ಬಾಗಿಲು ಬಂದಾಗ ಕುರ್ಚಿಯಲ್ಲಿ ಕುಳಿತಲ್ಲೇ ತಲೆ ಬಗ್ಗಿಸಿದೆ. ಪಕ್ಕದವರು ನಕ್ಕರು. ನನಗೆ ಎಷ್ಟು ಸಂತೋಷವಾಯಿತು ಗೊತ್ತೇ?

ಭವ್ಯ


ಟಿ.ಬಿ. ಡ್ಯಾಂ
6 ಸೆಪ್ಟೆಂಬರ್ 2007

ಭವ್ಯಾ,

ಜೋಡುಗುಡಿ ಪೇಟೆಯ ಬಾಗಿಲುಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಒಂದರಿಂದ ನಲವತ್ತೊಂದು. ನಾನು ಪುಸ್ತಕದಲ್ಲಿ ಕೊಟ್ಟ ನಂಬರುಗಳೇ. ಜನ ಮೊದಲು ಖುಷಿಪಟ್ಟರು. ಮನೆ ನಂಬರು ಬಂತು, ಇನ್ನು ಕರೆಂಟ್ ಬರುತ್ತದೆ ಎಂದು ಕರೆಮ್ಮ ಅದಕ್ಕೆ ಕುಂಕುಮ ಹಚ್ಚಿದಳು.

ನಿನ್ನೆ ಗುತ್ತಿಗೆದಾರನ ಕಡೆಯವರು ಮೂರು ಜನ ದೊಡ್ಡ ಹಾಳೆಗಳನ್ನು ಹಿಡಿದು ಬಂದರು. ಒಬ್ಬ ಹಾಳೆ ನೋಡಿ ಓದಿದ, ಇನ್ನೊಬ್ಬ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದ. ಹದಿನೇಳನೇ ಮನೆಯ ಮುಂದೆ ಅವನು ಮೂರು ನಲವತ್ತೆರಡು ಎಂದು ಓದಿದನಂತೆ. ಕರೆಮ್ಮ ಒಳಗಿನಿಂದಲೇ “ಬಾಗಿಲಾ ಒಂದು ನಲವತ್ತೈದು” ಎಂದಳಂತೆ. ಅವನು ಗಾಬರಿಯಾಗಿ ಹಾಳೆ ನೋಡಿದ. ಅದೇ ಇತ್ತು. ಪಕ್ಕದ ಮನೆಯವರು ತಮ್ಮದು ಹೇಳಿದರು, ಅದೂ ಅದೇ. ಬೀದಿಯವರೆಲ್ಲ ತಮ್ಮ ತಮ್ಮ ಲೆಕ್ಕ ಒಪ್ಪಿಸಿದರು. ಎಲ್ಲವೂ ನಾನು ಕೂಗಿದ ಲೆಕ್ಕ.

ಸಂಜೆ ಅಂಜಿನಯ್ಯ ಬಸ್ಸು ಹತ್ತಿ ಡ್ಯಾಂವರೆಗೆ ನನ್ನ ಮನೆಗೆ ಬಂದ. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದ, “ಆ ಹಾಳಿ ಎದಕ್ಕ, ಉಚ್ಚೆಂಗೆಪ್ಪ?”

ಎದಕ್ಕೆ, ಭವ್ಯಾ? ಕೂಡಲೇ ಬರೆ.

ಉಚ್ಚೆಂಗೆಪ್ಪ


ಹೈದರಾಬಾದ್
19 ಸೆಪ್ಟೆಂಬರ್ 2007

ಮಾವಾ,

ಕಡತ ತೆಗೆಸಿ ನೋಡಿದೆ. ನೋಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ನನ್ನ ಮಾದರಿಯಿಂದ ಮನೆಗಳ ಹಾಳೆಯನ್ನು ಬೇರೆ ತೆಗೆದು ನಕ್ಷೆ ಮಾಡಿಸಿದ್ದಾರೆ. ಅದರ ಹೆಸರು ‘ತೆರವುಗೊಳಿಸಬೇಕಾದ ಭಾಗಗಳು’. ಹಳೆಯ ಕಂಬಗಳಿಗೆ ಪೆಟ್ಟಾಗದ ಹಾಗೆ ಮನೆ ಕೆಡವಬೇಕಾದರೆ ಯಾವ ಗೋಡೆ ಎಲ್ಲಿ ತಾಕಿದೆ, ಎಷ್ಟು ದಪ್ಪ, ಪಾಯ ಎಷ್ಟು ಎಂದು ತಿಳಿಯಬೇಕಿತ್ತು. ಅದು ತಿಳಿಯದೆ ಎರಡು ವರ್ಷ ಕೆಲಸ ನಿಂತಿತ್ತಂತೆ. ಸರ್ ಒಂದೇ ಮಾತಿಗೆ ಯಾಕೆ ಒಪ್ಪಿದರು ಎಂದು ಈಗ ತಿಳಿಯಿತು. ಅವರು ಕೇಳಬೇಕೆಂದಿದ್ದನ್ನು ನಾನೇ ಹೋಗಿ ಬೇಡಿಕೊಂಡಿದ್ದೆ.

ಕರೆಮ್ಮನ ಗೂಟವೂ ಇದೆ ಅದರಲ್ಲಿ. ಅದಕ್ಕೂ ಕೆಂಪು ಗೆರೆ.

ನಕ್ಷೆಯಲ್ಲಿ ಬಂದರೆ ಜನ ಉಳಿಯುತ್ತಾರೆ ಎಂದು ನಂಬಿದ್ದೆ. ಐದು ವರ್ಷ ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಅದನ್ನೇ. ಇರುವುದನ್ನು ಸರಿಯಾಗಿ ಬರೆದಿಡು, ಅದೇ ಗೌರವ ಎಂದು. ಬರೆದದ್ದು ಯಾರ ಕೈಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸರ್ಕಾರದ ಕಚೇರಿಗೆ ಅರ್ಜಿ ಬರೆದಿದ್ದೇನೆ, ಪತ್ರಿಕೆಯವರಿಗೂ ಬರೆದಿದ್ದೇನೆ. ನಾನೇ ಬರುತ್ತೇನೆ. ಅವರು ಬರುವ ದಿನ ಗೊತ್ತಾದರೆ ಪಕ್ಕದ ಮನೆಯವರಿಂದ ಫೋನು ಮಾಡಿಸಿ. ಜನರಿಗೆ ನೀವೇನೂ ಹೇಳಬೇಡಿ. ನಾನು ಬಂದು ನಾನೇ ಹೇಳುತ್ತೇನೆ.

ಭವ್ಯ


ಟಿ.ಬಿ. ಡ್ಯಾಂ
4 ನವೆಂಬರ್ 2007

ಭವ್ಯಾ,

ಜನರಿಗೆ ಹೇಳಬೇಡಿ ಎಂದೆ. ನಾನು ಹೇಳಿದೆ. ನಿನ್ನ ಕಾಗದ ಬಂದ ಸಂಜೆಯೇ ಹೋಗಿ ಬೀದಿಯ ನಡುವೆ ನಿಂತು ಓದಿದೆ, ಅಳತೆ ಕೂಗಿದ ಹಾಗೆಯೇ. ಓದಿ ಮುಗಿಸಿದಾಗ ಒಬ್ಬರೂ ಇರಲಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು.

ಕಳೆದ ಸೋಮವಾರ ಬೆಳಿಗ್ಗೆ ಎಂಟಕ್ಕೆ ಜೆಸಿಬಿಗಳು ಬಂದವು. ಹಿಂದಿನ ದಿನವೇ ನಿನಗೆ ಫೋನು ಮಾಡಿಸಿದ್ದೆ. ಹೊರಟಿದ್ದೇನೆ ಎಂದೆಯಂತೆ. ಜನ ದಾರಿ ನೋಡಿದರು, ನಾನೂ ನೋಡಿದೆ. ಹತ್ತು ಗಂಟೆಯ ಮೇಲೆ ನೋಡುವುದನ್ನು ಬಿಟ್ಟೆವು.

ಕೆಲಸ ಭಾಳ ಚೊಕ್ಕವಾಗಿ ಆಯಿತು. ಸೀಮೆಸುಣ್ಣದ ಗೆರೆಯ ಮೇಲೆ ಯಂತ್ರದಿಂದ ಗೋಡೆ ಕೊಯ್ದರು, ಆಮೇಲೆ ಎಳೆದರು. ಮಧ್ಯಾಹ್ನ ಮೂರರ ಹೊತ್ತಿಗೆ ನಲವತ್ತೊಂದೂ ಮುಗಿದವು. ಒಂದು ಕಂಬಕ್ಕೂ ಗೀರು ಬೀಳಲಿಲ್ಲ. ಈಗ ಅದು ನೀನು ಪರದೆಯ ಮೇಲೆ ತೋರಿಸಿದ ಬೀದಿಯ ಹಾಗೇ ಇದೆ, ಕುದುರೆಗಳು ಮಾತ್ರ ಇಲ್ಲ. ಗುತ್ತಿಗೆದಾರನ ಮನುಷ್ಯ ನನ್ನ ಹತ್ತಿರ ಬಂದು, “ನಿಮ್ಮ ಅಳತಿಯಿಂದ ಒಂದು ವಾರದ ಕೆಲಸ ಒಂದ ದಿನಕ್ಕ ಆತ್ರಿ” ಎಂದು ಕೈ ಕುಲುಕಿದ. ಎಲ್ಲರೂ ನೋಡುತ್ತಿದ್ದರು. ನಾನು ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಅವನು ಕುಲುಕಿ ಮುಗಿಸಿದ್ದ.

ಸಂಡೂರು ರಸ್ತೆಯಲ್ಲಿ, ಅದಿರು ರಾಶಿ ಹಾಕುವ ಬಯಲಿನ ಹಿಂದೆ ಜಾಗ ತೋರಿಸಿದ್ದಾರೆ. ಇಪ್ಪತ್ತು ಅಡಿಗೆ ಮೂವತ್ತು ಅಡಿಯ ನಲವತ್ತೊಂದು ತುಂಡು. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಮೇಲೆ ಹೊದಿಸಲು ಒಂದೊಂದು ತಾಡಪತ್ರಿ. ಅಷ್ಟೇ.

ನೀನು ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ. ಬಂದಿದ್ದರೂ ಯಂತ್ರ ನಿಲ್ಲುತ್ತಿರಲಿಲ್ಲ. ಆದರೆ ಅವರು ದಾರಿ ನೋಡಿದರು, ಅದನ್ನು ನಿನಗೆ ತಿಳಿಸಬೇಕಾಗಿತ್ತು.

ಉಚ್ಚೆಂಗೆಪ್ಪ


ಹೈದರಾಬಾದ್
20 ಫೆಬ್ರವರಿ 2008

ಮಾವಾ,

ಮೂರು ಕಾಗದ ಬರೆದೆ, ಒಂದಕ್ಕೂ ನೀವು ಉತ್ತರ ಕೊಡಲಿಲ್ಲ. ಅತ್ತೆಯ ಹತ್ತಿರ ಫೋನಿನಲ್ಲಿ ಮಾತಾಡಿದೆ. “ನಿಮ್ಮ ಮಾವ ಟೇಪು ಬಾವಿಗೆ ಒಗದ” ಎಂದರು.

ಅವತ್ತು ಬಂದಿದ್ದೆ. ಬೆಳಿಗ್ಗೆ ಆರೂವರೆಗೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಅಲ್ಲಿಂದ ಪೇಟೆಗೆ ಒಂದು ಗಂಟೆಯ ದಾರಿ. ಬೆಂಚಿನ ಮೇಲೆ ಕುಳಿತೆ. ಮೂರು ಬಸ್ಸು ಹೋದವು. ಕರೆಮ್ಮ ನನ್ನನ್ನು ಬೈದರೆ ತಡೆದುಕೊಳ್ಳುತ್ತಿದ್ದೆ. ಬೈಯದೆ “ಪಾಪ, ಹುಡುಗಿಗೆ ಗೊತ್ತಿರಲಿಲ್ಲ” ಎಂದುಬಿಟ್ಟರೆ ಎಂದು ಹೆದರಿದೆ. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ.

ಕೆಲಸ ಬಿಟ್ಟಿದ್ದೇನೆ. ಬಿಟ್ಟದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನನ್ನ ಜಾಗಕ್ಕೆ ಬೇರೆಯವರು ಬಂದಿದ್ದಾರೆ.

ಕರೆಮ್ಮ ಹೇಗಿದ್ದಾಳೆ? ಅದೊಂದನ್ನು ಬರೆಯಿರಿ. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ.

ಭವ್ಯ


ಟಿ.ಬಿ. ಡ್ಯಾಂ
13 ಜುಲೈ 2008

ಭವ್ಯಾ,

ಜೈಭೀಮ್. ಕರೆಮ್ಮ ಹೇಗಿದ್ದಾಳೆ ಎಂದು ಕೇಳಿದ್ದೆ. ತಡವಾಗಿ ಬರೆಯುತ್ತಿದ್ದೇನೆ.

ಸಂಕ್ರಾಂತಿಯ ಮರುದಿನ ಅವಳು ನನಗೆ ಹೇಳಿಕಳಿಸಿದ್ದಳು. ಉಳಿದವರು ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ನಾನು ಹೋದಾಗ ಅವಳು ಬಟಾಬಯಲಿನಲ್ಲಿ ಒಂದು ಬುಟ್ಟಿ ಸುಣ್ಣ ಇಟ್ಟುಕೊಂಡು ಕುಳಿತಿದ್ದಳು. ಕುಂದ್ರು ಅನ್ನಲಿಲ್ಲ. “ಅಳತಿ ಮಾಡಿ ಕಿತ್ರಿ. ಅಳತಿ ಮಾಡಿ ವಾಪಸ್ ಕೊಡು” ಎಂದಳು.

ಟೇಪನ್ನು ಬಾವಿಗೆ ಎಸೆದಿದ್ದೆ. ಹೊಸಪೇಟೆಗೆ ಹೋಗಿ ಹೊಸದು ತಂದೆ. ನನ್ನ ಹತ್ತಿರ ಉಳಿದಿದ್ದ ಪುಸ್ತಕದ ಹದಿನೇಳನೇ ಪುಟ ತೆರೆದೆ. ಸೊನ್ನೆಯ ತುದಿಯನ್ನು ಕರೆಮ್ಮನೇ ಹಿಡಿದಳು. ನಾನು ಒಂದೊಂದು ಅಳತೆ ಕೂಗಿದೆ, ಅವಳು ಸುಣ್ಣ ಹಾಕಿದಳು. ಮುಂದಿನ ಗೋಡೆ, ಒಳಗಿನ ಗೋಡೆ, ಒಲೆ, ಬಾಗಿಲು. ಗೂಟ ಎಲ್ಲಿ ಎಂದಳು. ಒಂದು ಕೋಲು ನೆಟ್ಟು, ಒಂದು ಅರವತ್ತರಲ್ಲಿ ಮೊಳೆ ಹೊಡೆದುಕೊಟ್ಟೆ. ಎರ್ರೆಪ್ಪನ ಅಂಗಿ ಗಂಟಿನಿಂದ ತೆಗೆದು ಹಾಕಿದಳು. ಅದು ನೀಲಿಯಲ್ಲ ಭವ್ಯಾ, ಬಿಳಿಯದು.

ಒಳಕೋಣೆಯ ಮೇಲೆ ತಾಡಪತ್ರಿ ಕಟ್ಟಿದಳು. ಉಳಿದದ್ದಕ್ಕೆಲ್ಲ ಆಕಾಶವೇ ಚಾವಣಿ. ಅದಿರಿನ ಧೂಳು ಸಂಜೆಯ ಹೊತ್ತಿಗೆ ಗೆರೆಗಳನ್ನು ಮುಚ್ಚಿಬಿಡುತ್ತಿತ್ತು. ದಿನಾ ಬೆಳಿಗ್ಗೆ ಎದ್ದು ರಂಗೋಲಿ ಹಾಕುವ ಹಾಗೆ ಮತ್ತೆ ಸುಣ್ಣ ಹಾಕುತ್ತಿದ್ದಳು. ಗೋಡೆ ದಾಟಿ ಬಂದವರನ್ನು ವಾಪಸ್ ಕಳಿಸಿ ಬಾಗಿಲಿನಿಂದ ಬಾ ಎನ್ನುತ್ತಿದ್ದಳು. ತಲೆ ಕೆಟ್ಟಿದೆ ಎಂದು ಮೊದಲು ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು. ನಿನ್ನ ಚಿತ್ರದ ಬಗ್ಗೆ ಒಮ್ಮೆ ಕೇಳಿದೆ. ಮನೆ ಕೆಡವಿದ ದಿನ ಅದರಲ್ಲಿ ಪಾತ್ರೆ ಸುತ್ತಿಕೊಂಡು ತಂದಳಂತೆ, ಹರಿದುಹೋಯಿತಂತೆ. “ಹುಡುಗಿ ಬಂದ್ರ ಬೈಯಂಗಿಲ್ಲ ಅಂತ ಹೇಳು, ಆದ್ರ ಮಾತಾಡ್ಸಂಗೂ ಇಲ್ಲ” ಎಂದಳು. ಹೇಳಿದ್ದನ್ನು ಹಾಗೇ ಬರೆದಿದ್ದೇನೆ.

ಬೇಸಿಗೆಯಲ್ಲಿ ಕೆಮ್ಮು ಹಿಡಿಯಿತು. ಅಲ್ಲಿರುವವರಿಗೆಲ್ಲ ಹಿಡಿದಿದೆ, ಅವಳದು ಇಳಿಯಲಿಲ್ಲ. ಮಳೆ ಬಿದ್ದ ಮೇಲೆ ನೆಲದ ತಂಪು ಎದೆಗೆ ಏರಿತು. ನಿನ್ನ ಅತ್ತೆ ನಮ್ಮ ಮನೆಗೆ ಕರೆದಳು, ಬರಲಿಲ್ಲ. “ಮನಿ ಬಿಟ್ಟು ಎಲ್ಲಿಗೆ ಬರ್ಲಿ ದುರ್ಗಕ್ಕಾ?” ಎಂದಳು. ಕಳೆದ ಗುರುವಾರ ಬೆಳಗಿನ ಜಾವ ಹೋದಳು.

ನಾನು ತಲುಪಿದಾಗ ಚಟ್ಟ ಕಟ್ಟಿ ಮುಗಿಸಿದ್ದರು. ಹಿಂದಿನ ದಿನ ಮಳೆ ಇರಲಿಲ್ಲ, ಹಸಿ ನೆಲದಿಂದ ಧೂಳೂ ಎದ್ದಿರಲಿಲ್ಲ, ಅವಳು ಹಾಕಿದ ಸುಣ್ಣ ಹಾಗೇ ಇತ್ತು. ನಾಲ್ಕು ಜನ ಹೆಗಲು ಕೊಟ್ಟು ಎತ್ತಿದರು. ಒಳಕೋಣೆಯಿಂದ ರಸ್ತೆಗೆ ನೇರ ನಡೆದರೆ ಹತ್ತು ಹೆಜ್ಜೆ. ಅವರು ನೇರ ಹೋಗಲಿಲ್ಲ. ಒಲೆಯನ್ನು ಸುತ್ತಿಕೊಂಡು ಬಾಗಿಲಿನ ಕಡೆ ತಿರುಗಿದರು. ಮುಂದಿದ್ದವನು ಅಂಜಿನಯ್ಯ. ಎಪ್ಪತ್ತು ವರ್ಷ, ಹೆಗಲ ಮೇಲೆ ಹೆಣ. ಬಾಗಿಲ ಗೆರೆಯ ಹತ್ತಿರ ಬಂದವನು ಮೊಣಕಾಲು ಮಡಿಸಿ ತಲೆ ಬಗ್ಗಿಸಿದ. ಅವನ ಜೊತೆಯವನೂ ಬಗ್ಗಿದ, ಹಿಂದಿನ ಇಬ್ಬರೂ ಬಗ್ಗಿದರು. ಚಟ್ಟ ಕೆಳಗಿಳಿದು, ಕಲ್ಲುತೊಲೆಗೆ ತಾಕದ ಹಾಗೆ ಆಚೆ ಹೋಗಿ, ಮತ್ತೆ ಮೇಲೆದ್ದಿತು. ಹಿಂದೆ ನಾವೆಲ್ಲ ಒಬ್ಬೊಬ್ಬರಾಗಿ ಅಲ್ಲಿಂದಲೇ ತಲೆ ಬಗ್ಗಿಸಿ ಹೊರಗೆ ಬಂದೆವು. ಯಾರೂ ಯಾರಿಗೂ ಹೇಳಿರಲಿಲ್ಲ. ತಲೆಯ ಮೇಲೆ ಏನೂ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ನಾನೊಬ್ಬನೇ ಆ ಬಾಗಿಲಲ್ಲಿ ನಿಂತು, ಅವರು ಬಗ್ಗಿ ದಾಟಿದ ಎತ್ತರವನ್ನು ನೆಲದಿಂದ ಟೇಪು ಹಿಡಿದು ನೋಡಿದೆ.

ಒಂದು ನಲವತ್ತೈದು. ಅಳತೆ ಸರಿಯಾಗಿತ್ತು, ಭವ್ಯಾ.

ನಿನ್ನ ಮಾವ,
ಉಚ್ಚೆಂಗೆಪ್ಪ